ಐ.ಬಿ.ಗೆ ಹೋಗದ ಮೊಮ್ಮಗಳು

ನಮ್ಮ ಬಾಗಲಕೋಟೆ ಕಡೆ ಐ.ಬಿ. ಅಂದರೆ ಸರಕಾರಿ ಬಂಗಲೆ. ಸಾಹೇಬರು ಜೀಪಿನಿಂದ ಇಳಿದು, ಕೋಳಿ ತಿಂದು, ಒಂದು ನಿದ್ದೆ ತೆಗೆದು ಎದ್ದುಹೋಗುವ ಜಾಗ. ಹಾಗಾಗಿ ಆ ಶುಕ್ರವಾರ ಕುವೈತಿನ ಫರ್ವಾನಿಯಾದ ನಮ್ಮ ಮನೆಯಲ್ಲಿ ಮಗನ ಗೆಳೆಯ ಚಹಾ ಹೀರುತ್ತ, ಹುಡುಗಿಯನ್ನು ಐ.ಬಿ.ಗೆ ಹಾಕಿಬಿಡ್ರಿ, ಲೈಫ್ ಸೆಟ್ ಆಗ್ತದ ಎಂದಾಗ ನನಗೆ ಸಿಟ್ಟೇ ಬಂತು. ಹದಿನಾರು ವರ್ಷದ ಹುಡುಗಿಗೆ ಬಂಗಲೆಯಲ್ಲೇನು ಕೆಲಸ ಎಂದು ಕೇಳಿಯೇಬಿಟ್ಟೆ. ಆತ ಚಹಾ ನೆತ್ತಿಗೇರುವಷ್ಟು ನಕ್ಕ. ನನ್ನ ಮಗನೂ ನಕ್ಕ. ಮೊಮ್ಮಗಳು ಮಾತ್ರ ನಗಲಿಲ್ಲ.

ಈ ಗೆಳೆಯ ಸಬ್ಹಾನಿನ ಫ್ಯಾಕ್ಟರಿಯಲ್ಲಿ ನನ್ನ ಮಗನ ಜೊತೆ ಎಂಜಿನಿಯರು. ಗೊತ್ತಿದ್ದುದನ್ನು ಮೆಲ್ಲಗೆ ಹೇಳುತ್ತಾನೆ, ಗೊತ್ತಿಲ್ಲದ್ದನ್ನು ಜೋರಾಗಿ ಹೇಳುತ್ತಾನೆ. ಅವನ ಮನೆಯಲ್ಲಿ ಕೂತರೆ ಕಿವಿಗೆ ಹತ್ತಿ ಬೇಕು. ಅವತ್ತು ಫೋನಿನಲ್ಲಿ ಬಣ್ಣಬಣ್ಣದ ಪಟ್ಟಿ ತೆಗೆದು, ಫ್ರಿಜ್ ಮಾರುವವನ ಹಾಗೆ ಹೋಲಿಕೆ ಶುರುಮಾಡಿದ. ಐ.ಬಿ.ಯಲ್ಲಿ ಇದುಂಟು, ಎ.ಪಿ.ಯಲ್ಲಿ ಅದಿಲ್ಲ, ಬ್ರಿಟಿಷ್ ಶಾಲೆಯವರ ಎ ಲೆವೆಲ್ಲಿಗೆ ಮರ್ಯಾದೆ ಬೇರೆ. ಮೂರೂ ಪರದೇಶದ ಕೋರ್ಸುಗಳಂತೆ. ಅಷ್ಟೂ ಕೇಳಿದ ಮೇಲೆ ನನಗೆ ತಿಳಿದದ್ದಿಷ್ಟು: ಶಾಲೆಯಲ್ಲಿರುವಾಗಲೇ ಕಾಲೇಜಿನ ಪಾಠ ಓದಿ ಪರೀಕ್ಷೆ ಬರೆಯುವುದು, ಒಳ್ಳೆ ಅಂಕ ಬಂದರೆ ಕಾಲೇಜಿನವರು ಅದನ್ನು ಲೆಕ್ಕಕ್ಕೆ ಹಿಡಿದುಕೊಂಡು, ಆ ಪಾಠ ಮತ್ತೆ ಓದಬೇಡ ಅನ್ನುತ್ತಾರೆ. ಇದಕ್ಕೆ ಕ್ರೆಡಿಟ್ ಅಂತ ಹೆಸರು. ಮುಗೀತು. ಇಷ್ಟು ಹೇಳಲು ಆ ಮನುಷ್ಯನಿಗೆ ಒಂದು ಇಡೀ ರಜಾದಿನ ಬೇಕಾಯಿತು, ಒಂದು ಡಬ್ಬಿ ಚಕ್ಕಲಿಯೂ ಬೇಕಾಯಿತು.

ಕೆಟ್ಟದ್ದೆಂದರೆ ನನ್ನ ಮಗ ಅದನ್ನು ನಂಬಿದ. ಮೊಮ್ಮಗಳನ್ನು ಅವಳ ಇಂಡಿಯನ್ ಶಾಲೆಯಿಂದ ಬಿಡಿಸಿ ಐ.ಬಿ. ಇರುವ ಶಾಲೆಗೆ ಸೇರಿಸುವುದೆಂದು ಗೆಳೆಯನೆದುರೇ ತೀರ್ಮಾನ ಮಾಡಿದ. ಹುಡುಗಿಯ ಮುಖ ಇಷ್ಟಾಯಿತು. ಅವಳಿಗೆ ಆ ಶಾಲೆಯ ಕೆಮಿಸ್ಟ್ರಿ ಲ್ಯಾಬೇ ಮನೆ. ಅಲ್ಲಿನ ಟೀಚರ್ ಬೈದರೂ ಮನೆಗೆ ಬಂದು ಖುಷಿಯಿಂದ ಹೇಳುವವಳು.

ನನ್ನ ಮೊಮ್ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ನಾನು ನಾಲ್ಕನೇ ಇಯತ್ತೆ, ಆಮೇಲೆ ಆಯುಷ್ಯವೆಲ್ಲ ಖಾನಾವಳಿ ನಡೆಸಿದವನು. ನಾವಿಬ್ಬರೂ ಅರ್ಧರ್ಧ ಮಾತಿನಲ್ಲೇ ನಡೆಸಿಕೊಂಡು ಬಂದಿದ್ದೆವು. ಅವತ್ತು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತು, ನನಗಾಗಿ ಕನ್ನಡಕ್ಕೆ ಇಳಿದಳು.

“ಅಜ್ಜಾ, ಐ.ಬಿ. ಅಂದ್ರ ಬಂಗ್ಲೆ ಅಲ್ಲ,” ಅಂದಳು. “ನಿನ್ನ ಖಾನಾವಳಿ ಇತ್ತಲ್ಲ, ಹಂಗ. ಐ.ಬಿ. ಅಂದ್ರ ಫುಲ್ ಊಟ. ಎರಡು ವರ್ಷ ಎಲ್ಲಾ ತಿನ್ನಬೇಕು, ಬ್ಯಾಡಾಗಿದ್ದೂ. ಎ.ಪಿ. ಅಂದ್ರ ಪ್ಲೇಟ್, ಬೇಕಾದ್ದೊಂದು ತಗೊಂಡ್ರ ಆತು. ನಂಗ ಕೆಮಿಸ್ಟ್ರಿ ಒಂದ್ ಪ್ಲೇಟ್ ಸಾಕು. ಸ್ಕೂಲ್ ಬಿಡೋದು ಬ್ಯಾಡ, ಹೊರಗಿಂದ ಹೋಗಿ ಎಕ್ಸಾಮ್ ಬರೀಬಹುದು.”

ನಾನು ರೊಟ್ಟಿ ತಿರುವುವುದನ್ನೇ ಮರೆತೆ. ಕರಕಾದ ಆ ರೊಟ್ಟಿಯನ್ನು ನಾನೇ ತಿಂದೆ, ಬಹಳ ರುಚಿಯಾಗಿತ್ತು.

ಮುಂದಿನ ಶುಕ್ರವಾರ ಗೆಳೆಯ ಮತ್ತೆ ಬಂದ, ಪಟ್ಟಿಗೆ ಇನ್ನೊಂದು ಬಣ್ಣ ಸೇರಿಸಿಕೊಂಡು. ನಾನು ಮಗನಿಗೆ ಒಂದೇ ಮಾತು ಕೇಳಿದೆ: ಅಕಿಯನ್ನ ಕೇಳಿದ್ಯೇನು? ಮಗ ಸೊಸೆಯ ಮುಖ ನೋಡಿದ, ಸೊಸೆ ಮಗಳ ಮುಖ ನೋಡಿದಳು. ಆಗ ಹುಡುಗಿ ಬಾಯಿಬಿಟ್ಟಳು. ಅವಳಿಗೆ ಓದಬೇಕಾದದ್ದು ಇಲ್ಲೇ ಕುವೈತಿನಲ್ಲಿರುವ ಅಮೆರಿಕನ್ ಪದ್ಧತಿಯ ಕಾಲೇಜಿನಲ್ಲಿ. ಅವರು ಐ.ಬಿ.ಯನ್ನೂ ಹಿಡಿಯುತ್ತಾರೆ, ಎ.ಪಿ.ಯನ್ನೂ ಹಿಡಿಯುತ್ತಾರೆ, ಒಂದೊಂದು ಕಾಲೇಜಿನ ನಿಯಮ ಒಂದೊಂದು. ಎ.ಪಿ.ಯಲ್ಲಿ ಐದಕ್ಕೆ ನಾಲ್ಕು ಬಂದರೂ ಅವರಿಗೆ ನಡೆಯುತ್ತದೆ. ಪಟ್ಟಿಯ ಮನುಷ್ಯ ಅಷ್ಟು ಬಣ್ಣ ಬಳಿದವನು ಹುಡುಗಿ ಯಾವ ಕಾಲೇಜಿಗೆ ಹೋಗುತ್ತಾಳೆಂದು ಕೇಳಿರಲೇ ಇಲ್ಲ.

ಆದರೂ ಸೋಲಲಿಲ್ಲ. ಒಂದೇ ಸಬ್ಜೆಕ್ಟ್ ಬರೆದರೆ ಯಾರು ಮೂಸಿ ನೋಡ್ತಾರ ಅಂದ.

“ಯಾರೂ ಮೂಸೋದು ಬ್ಯಾಡ, ಅಂಕಲ್,” ಅಂದಳು ನನ್ನ ಮೊಮ್ಮಗಳು. “ನೀವು ನಿಮ್ಮ ಮಗನ್ನ ಐ.ಬಿ.ಗೆ ಹಾಕ್ರಿ. ನಾ ಬಂದು ಚಕ್ಲಿ ತಿಂತೀನಿ.”

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಗ ಚಹಾದ ಕಪ್ಪು ಕೆಳಗಿಟ್ಟು, ಖಲಾಸ್, ಅಕಿ ಹೇಳಿದಂಗ ಆಗ್ಲಿ ಅಂದ. ಆ ಒಂದು ಅರಬ್ಬಿ ಮಾತು ನನಗೆ ಅವತ್ತಿನಷ್ಟು ಚೆಂದ ಎಂದೂ ಕೇಳಿಸಿರಲಿಲ್ಲ.

ಎರಡು ವರ್ಷ ಅವಳು ತನ್ನ ಶಾಲೆಯಲ್ಲೇ ಓದಿದಳು. ಹನ್ನೆರಡನೆಯದು ಮುಗಿಸಿ, ಮೇ ತಿಂಗಳ ಸುಡುಬಿಸಿಲಲ್ಲಿ ಮೈದಾನ್ ಹವಲ್ಲಿಯ ಒಂದು ಶಾಲೆಗೆ ಹೋಗಿ ತನ್ನ ಒಂದು ಪ್ಲೇಟ್ ಪರೀಕ್ಷೆ ಬರೆದು ಬಂದಳು. ನಾನು ಮಗನ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕಾಯುತ್ತಿದ್ದೆ. ಗೆಳೆಯ ಫೋನು ಮಾಡಿ, ಹೊರಗಿನಿಂದ ಕಟ್ಟಿದವರಿಗೆ ಮೂರು ಬಂದರೆ ದೊಡ್ಡದು ಎಂದು ಧೈರ್ಯ ಬೇರೆ ಹೇಳಿದ.

ಈ ಜುಲೈನಲ್ಲಿ ಫಲಿತಾಂಶ ಬಂತು. ಐದಕ್ಕೆ ಐದು. ಕಾಲೇಜಿನವರೂ ಹಿಡಿದುಕೊಂಡರು, ಮೊದಲ ವರ್ಷದ ಕೆಮಿಸ್ಟ್ರಿ ಅವಳು ಓದುವುದು ಬೇಡ, ನೇರ ಮುಂದಿನದಕ್ಕೇ ಕೂರಬಹುದಂತೆ. ಸಂಜೆ ಗೆಳೆಯ ಪೇಢೆ ಡಬ್ಬಿ ಹಿಡಿದು ಬಂದ. ತಾನು ಮೊದಲಿನಿಂದಲೂ ಎ.ಪಿ. ಅಂತಲೇ ಹೇಳುತ್ತಿದ್ದುದಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಅವನ ಪೇಢೆ ಎರಡು ತಿಂದೆ, ಮೂರನೆಯದನ್ನು ಜೇಬಿಗೆ ಹಾಕಿಕೊಂಡೆ. ಅವನಿಂದ ನಮ್ಮ ಮನೆಗೆ ಆದ ಉಪಯೋಗ ಅದೊಂದೇ.

ಆದರೆ ಅದು ಸಂಜೆಯ ಮಾತು. ಬೆಳಿಗ್ಗೆ ಫಲಿತಾಂಶ ಕಂಡ ಕೂಡಲೇ ಹುಡುಗಿ ಅಪ್ಪನ ಕಡೆಗೆ ಓಡಲಿಲ್ಲ, ಅವ್ವನ ಕಡೆಗೆ ಓಡಲಿಲ್ಲ. ಅಡುಗೆಮನೆಗೆ, ನನ್ನ ಹತ್ತಿರ ಬಂದಳು. ಹಿಟ್ಟಿನ ಕೈಯನ್ನೇ ಹಿಡಿದುಕೊಂಡು, ಒಂದೂ ಇಂಗ್ಲಿಷ್ ವಾಕ್ಯವಿಲ್ಲದೆ ಹೇಳಿದಳು:

“ಅಜ್ಜಾ, ಪ್ಲೇಟ್ ಖಾಲಿ ಆತು ನೋಡು.”