ಕರಿಕಲ್ಲಿನ ಸೀಳಿಗೆ ಸುರಿದ ಉಪ್ಪು

ಕೊರೊನಾ ಮುಗಿದು ಶಾಲೆಗಳು ತೆರೆದ ಮರುವರ್ಷದ ಮಾತು. ಆಗ ನಾನು ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯ ಒಂದು ಹಳ್ಳಿಯಲ್ಲಿ ವಿಜ್ಞಾನ ಶಿಕ್ಷಕಿ. ಶಾಲೆಯ ಹಿಂದೆ, ಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಕ್ವಾರಿ ಇತ್ತು. ಊರಿನ ಕಸವನ್ನೆಲ್ಲ ಅದಕ್ಕೆ ಸುರಿಯುವುದೆಂದು ಪಂಚಾಯಿತಿಯಲ್ಲಿ ತೀರ್ಮಾನವಾಯಿತು.

ನನಗೆ ದಿಗಿಲಾಯಿತು. ಮಳೆ ಬಂದು ಕ್ವಾರಿಯಲ್ಲಿ ನೀರು ನಿಂತಾಗಲೆಲ್ಲ ನಮ್ಮ ಶಾಲೆಯ ಬೋರ್‌ವೆಲ್ ಜೋರಾಗಿ ನೀರು ಕೊಡುವುದನ್ನು ಗಮನಿಸಿದ್ದೆ. ಮಕ್ಕಳು ಕುಡಿಯುತ್ತಿದ್ದದ್ದು ಅದೇ ನೀರು. ಅಧ್ಯಕ್ಷರಾದ ಓಬಣ್ಣನವರ ಬಳಿ ಹೋಗಿ ಹೇಳಿದೆ.

"ಟೀಚರ್, ಅದು ಕರಿಕಲ್ಲು ಕಣ್ರೀ. ಉಳಿ ಇಟ್ರೆ ಉಳಿನೇ ಮುರೀತೈತೆ. ಅದ್ರೊಳಗೆ ನೀರು ಹೆಂಗೆ ಹೋಗ್ತೈತೆ?" ಎಂದು ನಕ್ಕರು.

"ಕಲ್ಲಲ್ಲಿ ಹೋಗಲ್ಲ, ಸೀಳಲ್ಲಿ ಹೋಗುತ್ತೆ. ಯಾವ ಕಾಲದಲ್ಲೋ ಜ್ವಾಲಾಮುಖಿಯ ಲಾವಾ ಗಟ್ಟಿಯಾಗಿ ಆದ ಬಂಡೆ ಇದು. ಒಳಗೆಲ್ಲ ಬಿರುಕು ಬಿಟ್ಟಿರುತ್ತೆ. ಎಂಟು ದಿನ ಕೊಡಿ, ತೋರಿಸ್ತೀನಿ."

"ತೋರಿಸ್ರಿ ನೋಡಾಣ. ಅಲ್ಲೀಗಂಟ ಕಸದ ಗಾಡಿ ಬರಲ್ಲ."

ಬೇಸಿಗೆ ಶುರುವಾಗಿ ಕ್ವಾರಿ ಒಣಗಿತ್ತು. ತಳದ ಬಂಡೆಯಲ್ಲಿ ಕೈ ತೂರಿಸುವಷ್ಟು ಅಗಲದ ಸೀಳು ಕಾಣುತ್ತಿತ್ತು. ನಾನೂ ಬಿಸಿಯೂಟದ ಅಡುಗೆಯ ಗಂಗಮ್ಮನೂ ಎರಡು ಚೀಲ ಕಲ್ಲುಪ್ಪನ್ನು ಡ್ರಮ್ಮುಗಳಲ್ಲಿ ಕರಗಿಸಿ ಅದರೊಳಗೆ ಸುರಿದೆವು. ಹಿಂದೆಯೇ ಒಂದು ಟ್ಯಾಂಕರ್ ನೀರು ಬಿಡಿಸಿದೆ. ಅಷ್ಟೂ ಗಟಗಟನೆ ಒಳಗಿಳಿಯಿತು. ಮಕ್ಕಳಿಗೆ ಕುಡಿಯಲು ಅಷ್ಟು ದಿನ ಊರೊಳಗಿನ ಬೋರಿನಿಂದ ನೀರು ತರಿಸಿದೆವು.

ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ, ಪೆನ್ನಿನಂಥ ಮೀಟರ್ ನನ್ನ ಬಳಿ ಇತ್ತು. ಎರಡೂ ಬೋರುಗಳ ಅಂಕಿಯನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ದಿನಕ್ಕೆ ಮೂರು ಸಲ ಶಾಲೆಯ ನೀರಿಗೆ ಅದ್ದಿ ನೋಡುತ್ತಿದ್ದೆ. ಐದು ದಿನವಾದರೂ ಅಂಕಿ ಅಲುಗಲಿಲ್ಲ. ಚಹಾದಂಗಡಿ ಮುಂದೆ ಹೋದರೆ, "ಏನ್ ಟೀಚರ್, ಉಪ್ಪು ಎಲ್ಲೀಗಂಟ ಬಂತು?" ಎಂದು ಕೇಳುವವರು ಹೆಚ್ಚಾದರು. ಆರನೆಯ ದಿನ ನನಗೇ ನನ್ನ ಮೇಲೆ ಅನುಮಾನ ಬಂತು. "ಇನ್ನೂ ಎರಡು ದಿನ ಐತಲ್ರೀ, ಈಗ್ಲೇ ಯಾಕೆ ತಲೆ ಕೆಡಿಸ್ಕಂತೀರಿ?" ಎಂದು ಗಂಗಮ್ಮ ಸಮಾಧಾನ ಮಾಡಿದರು.

ಏಳನೆಯ ದಿನ ಪ್ರಾರ್ಥನೆಗೆ ಮೊದಲು ಮೀಟರ್ ಅದ್ದಿದೆ. ಅಂಕಿ ಏರಿತ್ತು! ಲೋಟ ತೊಳೆದು ಮತ್ತೆ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಅದು ದುಪ್ಪಟ್ಟಾಯಿತು.

ಫೋನ್ ಮಾಡಿದ ಕೂಡಲೇ ಓಬಣ್ಣನವರು ನಾಲ್ಕು ಜನ ಸದಸ್ಯರನ್ನು ಕರೆದುಕೊಂಡು ಬಂದರು. ಮೀಟರ್ ಕೆಟ್ಟಿರಬೇಕೆಂದು ಊರೊಳಗಿನ ಬೋರಿಗೆ ಹೋಗಿ ತಾವೇ ಅದ್ದಿ ನೋಡಿದರು. ಅಲ್ಲಿ ಹಳೆಯ ಅಂಕಿಯೇ ಇತ್ತು. ತಿರುಗಿ ಬಂದು ನಮ್ಮ ನಲ್ಲಿಗೆ ಬೊಗಸೆ ಒಡ್ಡಿ ಒಂದು ಗುಟುಕು ಕುಡಿದವರು ಮುಖ ಕಿವುಚಿದರು.

"ಉಪ್ಪೈತ್ರೀ!" ಎಂದರು. ಕೈ ಒರೆಸಿಕೊಂಡು, "ಕಸ ಸುರಿದಿದ್ರೆ ಅದೂ ಹಿಂಗೇ ಬರ್ತಿತ್ತಲ್ಲ. ನನ್ನ ಮೊಮ್ಮಗಳೂ ಇದೇ ನೀರು ಕುಡೀತಾಳೆ. ನನ್ನದೇ ತಪ್ಪು ಟೀಚರ್" ಎಂದು ಎಲ್ಲರೆದುರು ಕೈಮುಗಿದರು. ಸುತ್ತ ನಿಂತಿದ್ದ ಮಕ್ಕಳು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು.

ಮುಂದಿನ ಸಭೆಯಲ್ಲೇ ತೀರ್ಮಾನ ರದ್ದಾಯಿತು. ಕ್ವಾರಿಗೆ ತಂತಿಬೇಲಿ ಬಂತು. ಮಳೆನೀರು ಅದಕ್ಕೇ ಹರಿದು ಸೇರುವಂತೆ ಕಾಲುವೆಯನ್ನೂ ತೋಡಿಸಿದರು. ಆ ಮಳೆಗಾಲದಲ್ಲಿ ಬೋರಿನ ಉಪ್ಪೂ ತೊಳೆದುಹೋಗಿ, ಮಕ್ಕಳು ಮತ್ತೆ ಅದೇ ನೀರು ಕುಡಿಯತೊಡಗಿದರು.

ನನಗೀಗ ನ್ಯಾಮತಿ ಕಡೆಗೆ ವರ್ಗವಾಗಿದೆ. ಪ್ರತಿ ವರ್ಷ ಒಳ್ಳೆ ಮಳೆಯಾದ ಮಾರನೆಯ ದಿನ ಗಂಗಮ್ಮ ಫೋನ್ ಮಾಡಿ, "ಟೀಚರ್, ಕ್ವಾರಿ ತುಂಬೈತೆ" ಎನ್ನುತ್ತಾರೆ. ಆ ದಿನವೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.