ಸದಣ್ಣನ ವಾಚಿಗೆ ಬಿದ್ದ ತೆಂಗಿನೆಣ್ಣೆ

ನಮ್ಮ ಕಡೆಯ ಮನೆಗಳಲ್ಲಿ ತೆಂಗಿನೆಣ್ಣೆ ಹೋಗದ ಜಾಗವೆಂಬುದಿಲ್ಲ. ತಲೆಗೆ, ಒಗ್ಗರಣೆಗೆ, ದೇವರ ದೀಪಕ್ಕೆ ಹೋಗುವುದು ಸರಿಯೇ. ಕಿರುಗುಟ್ಟುವ ಬಾಗಿಲಿಗೆ, ಹಲಸಿನ ಮೇಣ ಹತ್ತಿದ ಕತ್ತಿಗೆ, ಮಗುವಿನ ಮಂಡಿಯ ತರಚುಗಾಯಕ್ಕೆ, ಜಿಪ್ಪು ಸಿಕ್ಕಿಕೊಂಡ ಚೀಲಕ್ಕೆ, ಹೀಗೆ ಮನೆಯೊಳಗೆ ಯಾವುದು ಮೊಂಡು ಹಿಡಿಯಿತೋ ಅದಕ್ಕೆಲ್ಲ ನಾವು ಅಡುಗೆಮನೆಯ ಆ ಬಾಟಲಿಯತ್ತಲೇ ಕೈಚಾಚುವವರು. ಹೀಗಿರುವಾಗ ನನ್ನ ಅಣ್ಣ ತನ್ನ ಕೈಗಡಿಯಾರಕ್ಕೂ ಅದರದೊಂದು ಹನಿ ಬಿಟ್ಟನೆಂದರೆ ನೀವು ನಗಬಾರದು. ನೀವು ಈ ಕಡೆಯವರಾಗಿದ್ದರೆ ನೀವೂ ಬಿಟ್ಟಿರುತ್ತಿದ್ದಿರಿ.

ಅಣ್ಣನ ಹೆಸರು ಸದಾನಂದ. ಹಿರಿಯಡ್ಕದ ಬಸ್ ನಿಲ್ದಾಣದಲ್ಲಿ ಎಲ್ಲರಿಗೂ ಸದಣ್ಣ. ಬಹುಕಾಲ ಕಂಡಕ್ಟರಾಗಿದ್ದು, ನಿಂತು ನಿಂತು ಕಾಲು ಸೋತ ಮೇಲೆ ಅಲ್ಲಿಯೇ ಟೈಮ್ ಕೀಪರಾದ. ಈ ಕೆಲಸವನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಒಂದೇ ದಾರಿಯಲ್ಲಿ ಹಲವು ಮಾಲೀಕರ ಖಾಸಗಿ ಬಸ್ಸುಗಳು ಒಂದರ ಬೆನ್ನಿಗೊಂದು ಓಡುತ್ತವೆ. ಪ್ರತಿಯೊಂದಕ್ಕೂ ನಿಮಿಷದ ಲೆಕ್ಕದಲ್ಲಿ ಸಮಯ ಕಟ್ಟಿಕೊಟ್ಟಿರುತ್ತದೆ. ಯಾರು ಹೊತ್ತಿಗೆ ಬಂದರು, ಯಾರು ಬೇಗ ಬಂದರು, ಯಾರು ತಡ ಮಾಡಿದರು ಎಂಬ ತೀರ್ಪು ಟೈಮ್ ಕೀಪರನ ವಾಚಿನದು. ಎಲ್ಲರ ಕಿಸೆಯಲ್ಲೂ ಮೊಬೈಲಿರುವಾಗ ಇದೆಂಥ ಪದ್ಧತಿ ಎಂದು ನೀವು ಕೇಳಬಹುದು. ಒಮ್ಮೆ ಮೊಬೈಲಿನ ಸಮಯವನ್ನೇ ಹಿಡಿಯೋಣವೆಂದು ಹೊರಟಾಗ, ಅದನ್ನು ತಮಗೆ ಬೇಕಾದಷ್ಟು ಹಿಂದೆ ಮುಂದೆ ತಿರುಗಿಸಿಟ್ಟುಕೊಂಡು ಬರುವ ಚತುರರು ಹುಟ್ಟಿಕೊಂಡರಂತೆ. ಜಗಳ ಬಗೆಹರಿಯದೆ ಕೊನೆಗೆ ಎಲ್ಲರೂ ಮತ್ತೆ ಸದಣ್ಣನ ಮಣಿಕಟ್ಟಿಗೇ ಬಂದರು. ಆಕಾಶದಿಂದ ಇಳಿದುಬರುವ ಸಮಯಕ್ಕಿಂತ ಒಬ್ಬ ಮನುಷ್ಯನ ಮೇಲಿನ ನಂಬಿಕೆ ಅವರಿಗೆ ಹೆಚ್ಚು ಅನುಕೂಲವೆನಿಸಿತು, ಮತ್ತು ಅದು ನನಗೆ ಈಗಲೂ ಬಹಳ ಮೆಚ್ಚುಗೆಯ ಸಂಗತಿ.

ಹಾಗೆಂದು ಆ ವಾಚು ದೊಡ್ಡ ಕುಲದ್ದೇನಲ್ಲ. ದಿನಾ ಕೀ ಕೊಡಬೇಕಾದ, ಅಗ್ಗದ, ಸಂತೆಯಲ್ಲಿ ರಾಶಿ ಹಾಕಿ ಮಾರುವಂಥ ವಾಚು. ಆದರೆ ಅಣ್ಣ ಅದನ್ನು ನೋಡಿಕೊಳ್ಳುತ್ತಿದ್ದ ರೀತಿ ನೋಡಿದರೆ ಯಾವುದೋ ಸಂಸ್ಥಾನದಿಂದ ಬಂದದ್ದೆನ್ನಬೇಕು. ಹಗಲು ತುಸು ಮುಂದೆ ಓಡುವ ಚಟ ಅದಕ್ಕೆ ಮೊದಲಿನಿಂದಲೂ ಇತ್ತು. ಸಂಜೆಯ ರೇಡಿಯೋ ವಾರ್ತೆ ಶುರುವಾಗುವ ಹೊತ್ತಿಗೆ ಸರಿಯಾಗಿ ಅಣ್ಣ ಅದನ್ನು ಹಿಂದಕ್ಕೆ ತಿರುಗಿಸುತ್ತಿದ್ದ. ಕಳೆದ ಮಳೆಗಾಲದಲ್ಲಿ ಅದು ಸೊರಗಿದಂತೆ ಕಂಡಾಗ ಹಿಂಬದಿಯ ಮುಚ್ಚಳ ಎಬ್ಬಿಸಿ, ಪೊರಕೆಕಡ್ಡಿಯ ತುದಿಯಲ್ಲಿ ತೆಂಗಿನೆಣ್ಣೆ ಬಿಟ್ಟ. ವಾಚು ಚೇತರಿಸಿಕೊಂಡಿತು. ಚಳಿ ಶುರುವಾದ ಮೇಲಂತೂ ಸಂಜೆ ತಿದ್ದಬೇಕಾದ ಕೆಲಸವೇ ತಪ್ಪಿತು. ರೇಡಿಯೋ ಮತ್ತು ವಾಚು ದಿನಾ ಒಂದೇ ಸಮಯ ತೋರಿಸುವುದನ್ನು ಅವನು ಮನೆಗೆ ಬಂದವರಿಗೆಲ್ಲ ಕರೆದು ತೋರಿಸಿದ.

ಅದೇ ಚಳಿಯಲ್ಲಿ ಬಸವರಾಜನ ಕಷ್ಟವೂ ಶುರುವಾಯಿತು. ಬಸವರಾಜ ಬಾಗಲಕೋಟೆಯ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಬಂದು, ಲಾರಿ ಓಡಿಸಿ, ದೀಪಾವಳಿಯ ನಂತರ ಅಜೆಕಾರಿನಿಂದ ಉಡುಪಿಗೆ ಹೋಗುವ ಬೆಳಗಿನ ಮೊದಲ ಬಸ್ಸಿನ ಡ್ರೈವರಾದವನು. ಮಣಿಪಾಲದ ಆಸ್ಪತ್ರೆಗೆ ಬೆಳಗಿನ ಪಾಳಿಗೆ ಹೋಗುವವರೆಲ್ಲ ಆ ಬಸ್ಸನ್ನೇ ನಂಬಿದವರು. ದಿನವೂ ಅವನು ನಿಲ್ದಾಣಕ್ಕೆ ಬಂದಾಗ ಅಣ್ಣನ ವಾಚಿನಲ್ಲಿ ಇನ್ನೂ ಹೊತ್ತಾಗಿರುತ್ತಿರಲಿಲ್ಲ. ಅಣ್ಣ ಅದನ್ನು ಎಲ್ಲರೆದುರೇ ಕೂಗಿ ಹೇಳುತ್ತಿದ್ದ. ಬೇಗ ಬಂದನೆಂದರೆ ಹುಚ್ಚಾಪಟ್ಟೆ ಓಡಿಸಿದ್ದಾನೆ, ಕೈ ತೋರಿಸಿದವರನ್ನು ದಾರಿಯಲ್ಲೇ ಬಿಟ್ಟು ಬಂದಿದ್ದಾನೆ ಎಂದು ಅರ್ಥ. "ನಾ ಟೈಮಿಗೇ ಬಂದೇನ್ರಿ ಸದಣ್ಣ, ನನ್ನ ಮೊಬೈಲ್ ನೋಡ್ರಿ" ಎಂದು ಅವನು ಹೇಳುತ್ತಿದ್ದ. ಮೊಬೈಲು ನೋಡುವ ಪದ್ಧತಿ ಅಲ್ಲಿರಲಿಲ್ಲವಲ್ಲ. ಘಟ್ಟದ ಮೇಲಿನವರ ಕೈಯೇ ಹಾಗೆ, ವೇಗ ಜಾಸ್ತಿ ಎಂದು ಮಾತಾಡುವವರಿಗೆ ಅಷ್ಟು ಸಾಕಾಯಿತು. ವರದಿ ಕಾರ್ಕಳದಲ್ಲಿರುವ ಮಾಲೀಕರಿಗೆ ಹೋಗಿ, ತಿಂಗಳ ಕೊನೆಗೆ ಅವನನ್ನು ಬಿಡಿಸುವುದೆಂದು ಅವರು ಹೇಳಿಯೂ ಆಯಿತು. ಅವನ ಹೆಂಡತಿ ಮಕ್ಕಳು ಊರಿನಿಂದ ಬಂದು ಹಿರಿಯಡ್ಕದಲ್ಲಿ ಬಾಡಿಗೆ ಮನೆ ಹಿಡಿದು ಇನ್ನೂ ಪಾತ್ರೆ ಜೋಡಿಸಿಕೊಳ್ಳುತ್ತಿದ್ದರು.

ಈ ನಡುವೆ ಒಂದು ದಿನ ವಾಚು ಪೂರ್ತಿಯಾಗಿ ನಿಂತೇಹೋಯಿತು. ನಾನು ಕಾಪುವಿನಲ್ಲಿ ಕನ್ನಡ ಟೀಚರು. ಕ್ರಿಸ್‌ಮಸ್ ರಜೆಗೆಂದು ಅಣ್ಣನ ಮನೆಗೆ ಹೋಗಿದ್ದೆ. ನಿಲ್ದಾಣ ಬಿಟ್ಟು ಹೋಗಲಾಗದ ಅಣ್ಣ ವಾಚನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿತ್ತು, ತಾನು ಚಹಾದ ಹೋಟೆಲಿನ ಗೋಡೆಗಡಿಯಾರದ ಕೆಳಗೆ ಮುಖ ಬಾಡಿಸಿಕೊಂಡು ಕುಳಿತ. ಉಡುಪಿಯ ರಥಬೀದಿಯ ಹಿಂದಿನ ಓಣಿಯಲ್ಲಿ ವಾಚು ರಿಪೇರಿಯ ಶೆಣೈಯವರಿದ್ದಾರೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮುಚ್ಚಳ ತೆಗೆದವರೇ, ನೋಡುವ ಬದಲು ಮೂಗಿನ ಹತ್ತಿರ ಹಿಡಿದರು.

"ಎಂತ ಟೀಚರ್, ಇದಕ್ಕೆ ಒಗ್ಗರಣೆ ಹಾಕಿದ್ದು ಯಾರು?"

ಅಣ್ಣನೆಂದು ಒಪ್ಪಿಕೊಂಡೆ. ಅವರು ನಗುತ್ತಲೇ ವಿವರಿಸಿದರು. "ಚಳಿಗೆ ತೆಂಗಿನೆಣ್ಣೆ ಗಟ್ಟಿ ಆಗ್ತದಲ್ಲ, ಬಾಟಲಿಯಲ್ಲಿ ಆಗುವ ಹಾಗೆಯೇ ಇದರೊಳಗೂ. ರಾತ್ರಿ ತೆಗೆದಿಟ್ಟರೆ ನಿಧಾನ ಆಗ್ತದೆ, ಬೆಳಿಗ್ಗೆ ಕೈಗೆ ಕಟ್ಟಿ ಮೈಬಿಸಿ ತಾಗಿದ ಮೇಲೆ ಮತ್ತೆ ಓಡ್ತದೆ. ಈಗ ಅಂಟು ಹಿಡಿದು ಪೂರಾ ನಿಂತಿದೆ."

ಆ ಪುಟ್ಟ ಅಂಗಡಿಯ ಮುಂದಿನ ಸ್ಟೂಲಿನಲ್ಲಿ ಕುಳಿತಿದ್ದಂತೆಯೇ ನನಗೆ ಇಡೀ ಸಂಗತಿ ಬಿಚ್ಚಿಕೊಂಡಿತು. ರಾತ್ರಿ ಕಳೆದುಕೊಂಡದ್ದನ್ನು ಆ ವಾಚು ಹಗಲಿನ ತನ್ನ ಹಳೆಯ ಚಟದಿಂದ ಗಳಿಸಿಕೊಂಡು, ಸಂಜೆ ರೇಡಿಯೋದ ಮುಂದೆ ಸಾಧುವಿನಂತೆ ನಿಲ್ಲುತ್ತಿತ್ತು. ಎರಡು ದೋಷಗಳು ಒಂದನ್ನೊಂದು ಮುಚ್ಚಿ ಹಾಕಿ ಗುಣದಂತೆ ಕಂಡಿದ್ದವು. ಹೊತ್ತೇರಿದ ಮೇಲಿನ ಬಸ್ಸುಗಳು ಹೇಗೂ ತಡವಾಗಿಯೇ ಬರುವುದರಿಂದ ಅವಕ್ಕೆ ಈ ಕೊರತೆ ವರವೇ ಆಗಿತ್ತು. ಚಳಿಯ ಮುಂಜಾವದಲ್ಲಿ, ಖಾಲಿ ರಸ್ತೆಯಲ್ಲಿ, ನಿಯತ್ತಾಗಿ ಹೊತ್ತಿಗೆ ಬರುತ್ತಿದ್ದವನೊಬ್ಬನಿಗೇ ಅದರ ಪೂರ್ತಿ ಪೆಟ್ಟು ಬಿದ್ದಿತ್ತು. ಅಣ್ಣ ಯಾವ ವಾಚನ್ನು ಹೊಗಳಿಕೊಂಡು ಓಡಾಡಿದನೋ ಅದೇ ವಾಚು ಬಸವರಾಜನ ಅನ್ನಕ್ಕೆ ಕಲ್ಲು ಹಾಕಲು ಹೊರಟಿತ್ತು.

"ಈಗ ಎಂತ ಮಾಡುವ?" ಎಂದು ಶೆಣೈಯವರು ಕೇಳಿದರು. "ಬಿಚ್ಚಿ ತೊಳೆದರೆ ಸರಿ ಆಗಬಹುದು, ಆದರೆ ಅಗ್ಗದ ಮಿಷನ್, ಒಂದೆರಡು ಚಕ್ರ ಸವೆದಿದೆ, ಖಾತ್ರಿ ಇಲ್ಲ. ಇಲ್ಲದಿದ್ದರೆ ಇದೇ ಜಾತಿಯ ಹೊಸ ಮಿಷನ್ ಸಿಗ್ತದೆ. ಡಯಲ್ ಇದೇ, ಮುಳ್ಳು ಇದೇ. ಒಳಗೆ ಬದಲಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ."

ಗೆಳೆಯರೇ, ರಿಪೇರಿಯೋ ಬದಲಾವಣೆಯೋ ಎಂಬ ಈ ಪ್ರಶ್ನೆ ನಮ್ಮನ್ನು ಎಲ್ಲೆಲ್ಲಿ ಕಾಡುವುದಿಲ್ಲ ಹೇಳಿ! ನಮ್ಮ ಅತ್ತಿಗೆಯ ಮೊಣಕಾಲಿನ ವಿಷಯದಲ್ಲಿ ಮಣಿಪಾಲದ ಡಾಕ್ಟರು ಇದನ್ನೇ ಕೇಳಿದ್ದರು. ಆಕೆ, ಹುಟ್ಟುವಾಗ ಬಂದದ್ದನ್ನು ಯಾರಿಗೂ ಕೊಡುವುದಿಲ್ಲವೆಂದು ಎದ್ದು ಬಂದಿದ್ದರು. ನಾನೂ ಸ್ವಭಾವತಃ ರಿಪೇರಿಯ ಪಕ್ಷದವಳು. ಬಟ್ಟೆ ಬದಲಿಸಿದ, ಆಮೇಲೆ ಕಡ್ಡಿ ಬದಲಿಸಿದ, ಕೊನೆಗೆ ಹಿಡಿಯನ್ನೂ ಬದಲಿಸಿದ ಕೊಡೆಯನ್ನು ಈಗಲೂ ನಮ್ಮ ಅಮ್ಮನ ಕೊಡೆಯೆಂದೇ ಹಿಡಿದುಕೊಂಡು ಓಡಾಡುವವಳು. ಮಸೂರದೊಳಗಿನಿಂದ ಆ ಮಿಷನನ್ನು ನೋಡಿದಾಗಲಂತೂ ಮನಸ್ಸು ಕರಗಿತು. ಯಾರೂ ಬೆಲೆಕಟ್ಟದ, ಉಗುರಿಗಿಂತ ಕಿರಿದಾದ ಚಕ್ರಗಳು, ಹಲ್ಲಿಗೆ ಹಲ್ಲು ಕೊಟ್ಟುಕೊಂಡು, ಅಣ್ಣ ಬೆಳಿಗ್ಗೆ ತಿರುಗಿಸಿದ ಕೀಲಿಯ ಬಲವನ್ನು ಹನಿಹನಿಯಾಗಿ ಒಂದು ದಿನಕ್ಕೆ ಹಂಚಿಕೊಡುತ್ತಿದ್ದವು. ಎಂಥ ಮಿತವ್ಯಯ, ಎಂಥ ತಾಳ್ಮೆ! ಅದನ್ನು ಕಸಕ್ಕೆ ಹಾಕುವುದು ನನ್ನಿಂದಾಗದು ಎನಿಸಿತು.

ಆದರೆ ಅದಕ್ಕಿಂತ ಬಲವಾದ ಆಸೆಯೊಂದು ಒಳಗಿನಿಂದ ಎದ್ದುಬಂತು ಎಂಬುದನ್ನೂ ಹೇಳಬೇಕು. ಹೊಸ ಮಿಷನ್ ಹಾಕಿಸಿ ಸುಮ್ಮನೆ ತೆಗೆದುಕೊಂಡು ಹೋದರೆ, ಇನ್ನು ಬಸವರಾಜ ಬೇಗ ಬಂದಂತೆ ಕಾಣುವುದಿಲ್ಲ. ಅವನು ತಿದ್ದಿಕೊಂಡನೆಂದು ಜನ ಹೇಳುತ್ತಾರೆ. ಅಣ್ಣನ ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಶೆಣೈಯವರು ಅಂದದ್ದು ಡಯಲಿನ ಬಗ್ಗೆ, ನಾನು ಕೇಳಿಸಿಕೊಂಡದ್ದು ಅಣ್ಣನ ಬಗ್ಗೆ. ಆದರೆ ತಿದ್ದಿಕೊಂಡನೆಂದು ಹೇಳಿಸಿಕೊಳ್ಳಲು ಆ ಮನುಷ್ಯ ತಪ್ಪು ಮಾಡಿರಬೇಕಲ್ಲ! ವಾಚನ್ನು ಹಾಗೆಯೇ ವಾಪಸು ತೆಗೆದುಕೊಂಡು ಹಿರಿಯಡ್ಕದ ಬಸ್ಸು ಹತ್ತಿದೆ.

ಅಣ್ಣ ನನ್ನ ಮಾತನ್ನು ಪೂರ್ತಿ ಕೇಳಿದ. ಅಡುಗೆಮನೆಗೆ ಹೋಗಿ ತೆಂಗಿನೆಣ್ಣೆಯ ಬಾಟಲಿ ತಂದು ತಲೆಕೆಳಗೆ ಹಿಡಿದ. ಒಂದು ಹನಿಯೂ ಬೀಳಲಿಲ್ಲ, ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದನ್ನು ಕೆಳಗಿಟ್ಟು, ಮಾಲೀಕರಿಗೆ ಫೋನು ಮಾಡಿ ಬೆಳಿಗ್ಗೆ ಮೊದಲ ಬಸ್ಸಿನ ಹೊತ್ತಿಗೆ ಒಮ್ಮೆ ಬರಬೇಕೆಂದು ಕೇಳಿಕೊಂಡ.

"ಎಲ್ಲರೆದುರು ಯಾಕೆ? ಇಷ್ಟು ವರ್ಷದ ಹೆಸರು ಹೋಗ್ತದಲ್ಲ" ಎಂದರು ಅತ್ತಿಗೆ.

"ಹೆಸರು ನನ್ನದು, ಕೆಲಸ ಅವನದು ಮಾರಾಯ್ತಿ. ಅವನಿಗೆ ನಾನು ಹೇಳಿದ್ದೂ ಎಲ್ಲರೆದುರೇ ಅಲ್ವಾ?" ಎಂದ ಅಣ್ಣ.

ಮರುದಿನ ನಾನೂ ಹೋದೆ. ಚಹಾದ ಹೋಟೆಲಿನ ಎದುರು ಮಾಲೀಕರು, ಡ್ರೈವರುಗಳು, ಕಂಡಕ್ಟರುಗಳು, ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ ನರ್ಸುಗಳು. ಅಣ್ಣ ಪೀಠಿಕೆ ಹಾಕಲಿಲ್ಲ. "ಬಸವರಾಜ ಬೇಗ ಬಂದದ್ದಲ್ಲ, ನನ್ನ ವಾಚು ಹಿಂದೆ ಬಿದ್ದದ್ದು. ಎಣ್ಣೆ ಬಿಟ್ಟವ ನಾನೇ. ಮೂಸಿ ನೋಡಿ" ಎಂದು ಮುಚ್ಚಳ ತೆಗೆದ ವಾಚನ್ನು ಮಾಲೀಕರ ಕೈಗೆ ಕೊಟ್ಟ. ಅದು ಪ್ರಸಾದದ ತಟ್ಟೆಯಂತೆ ಕೈಯಿಂದ ಕೈಗೆ ಹೋಯಿತು. "ಇದರಲ್ಲಿ ಬಂಗುಡೆ ಹುರಿಯಬಹುದಲ್ಲ ಸದಣ್ಣ!" ಎಂದು ಒಬ್ಬ ಕಂಡಕ್ಟರ್ ಅಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಸವರಾಜ ನಗಲಿಲ್ಲ.

"ನಾ ಮೊದಲ ಹೇಳಿದ್ನೆಲ್ರಿ" ಎಂದ, ತಗ್ಗಿದ ದನಿಯಲ್ಲಿ. "ಯಾರೂ ಕೇಳ್ಲಿಲ್ಲ."

"ನಾನೂ ಕೇಳ್ಲಿಲ್ಲ. ನಂದು ತಪ್ಪಾಯ್ತು" ಎಂದ ಅಣ್ಣ. ವಾಚು ಬಸವರಾಜನ ಕೈಗೂ ಬಂತು. ಅವನೂ ಮೂಸಿ ನೋಡಿ, "ನಮ್ಮ ಕಡೆ ಆಗಿದ್ರ ಶೇಂಗಾ ಎಣ್ಣಿ ಹಾಕ್ತಿದ್ವಿ ನೋಡ್ರಿ, ಅದು ಹಿಂಗ ಗಟ್ಟಿ ಆಗೂದಿಲ್ಲ" ಎಂದ. ಈ ಸಲದ ನಗುವಿನಲ್ಲಿ ಅವನದೂ ಸೇರಿತ್ತು. ಮಾಲೀಕರು ಅವನ ಹೆಗಲ ಮೇಲೆ ಕೈಯಿಟ್ಟು, ಬಿಡಿಸುವ ಮಾತು ಇಲ್ಲಿಗೆ ಮುಗಿಯಿತು ಎಂದರು. ನನ್ನ ಕಣ್ಣು ತುಂಬಿ ಬಂತು. ಅಣ್ಣನ ಬಗ್ಗೆ ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ಉಳಿದದ್ದು ವಾಚಿನ ಪ್ರಶ್ನೆ. ನಿಲ್ದಾಣದಲ್ಲಿದ್ದವರೆಲ್ಲ ನನ್ನ ಪಕ್ಷ: ತೊಳೆಸಿ, ಹಳೆಯದನ್ನೇ ಇಟ್ಟುಕೊಳ್ಳಿ, ಸದಣ್ಣನೆಂದರೆ ಆ ವಾಚು, ಆ ವಾಚೆಂದರೆ ಸದಣ್ಣ ಎಂದರು. ನಾನೂ ಅಮ್ಮನ ಕೊಡೆಯ ಉಪಮೆ ಕೊಟ್ಟು ವಾದಿಸಿದೆ. ಅಣ್ಣ ತಲೆಯಾಡಿಸಿದ.

"ಕೊಡೆ ಸೋರಿದರೆ ನೀನು ಒದ್ದೆ ಆಗ್ತಿ. ಇದು ತಪ್ಪಿದರೆ ಇನ್ನೊಬ್ಬ ಒದ್ದೆ ಆಗ್ತಾನೆ. ತೊಳೆದರೆ ಸರಿ ಆಗಬಹುದು ಅಂತಾರೆ. ಅಷ್ಟು ನಂಬಿಕೊಂಡು ನಾನು ನಾಲ್ಕು ಜನಕ್ಕೆ ಟೈಮ್ ಹೇಳ್ಲಿಕ್ಕೆ ಆಗ್ತದಾ? ಮಿಷನ್ ಬದಲಿಸು."

ಹಳೆಯದನ್ನು ಉಳಿಸಿಕೊಳ್ಳುವುದರಲ್ಲಿ ಪ್ರೀತಿಯಿದೆಯೆಂದು ಜೀವಮಾನವಿಡೀ ನಂಬಿದವಳು ನಾನು. ಅದನ್ನು ಬಿಟ್ಟುಕೊಡುವುದರಲ್ಲೂ ಒಂದು ಪ್ರೀತಿ ಇರಬಹುದೆಂದೂ, ಅದು ವಾಚಿನ ಮೇಲಿನದಲ್ಲ, ಅದನ್ನು ನಂಬಿ ಬರುವವರ ಮೇಲಿನದೆಂದೂ ನನಗೆ ಯಾರೂ ಹೀಗೆ ತೋರಿಸಿಕೊಟ್ಟಿರಲಿಲ್ಲ. ಅದೇ ದಿನ ಶೆಣೈಯವರು ಹೊಸ ಮಿಷನ್ ಕೂರಿಸಿ ಕೊಟ್ಟರು. ಕಿವಿಗೆ ಹಿಡಿದರೆ ಸದ್ದು ಮೊದಲಿಗಿಂತ ತುಸು ಗಡುಸು. ಮುಖ ಮಾತ್ರ ಅದೇ ಮುಖ.

ಮಾರನೆಯ ಬೆಳಿಗ್ಗೆ ಕಾಪುವಿಗೆ ಹಿಂತಿರುಗಲು ನಾನು ಮೊದಲ ಬಸ್ಸಿಗೇ ಹೊರಟೆ. ಮಂಜು ಇನ್ನೂ ರಸ್ತೆಯ ಮೇಲಿತ್ತು. ಬಸ್ಸು ಬಂದು ನಿಂತಿತು. ಅಣ್ಣ ವಾಚು ನೋಡಿದ, ಆದರೆ ಎಂದಿನಂತೆ ಸಮಯ ಕೂಗಿ ಹೇಳಲಿಲ್ಲ. ಡ್ರೈವರನ ಕಿಟಕಿಯ ಹತ್ತಿರ ನಡೆದು ಹೋಗಿ, ಮಣಿಕಟ್ಟನ್ನು ಮೇಲೆತ್ತಿ ಹಿಡಿದು, "ನಿನ್ನದರಲ್ಲಿ ಎಷ್ಟಾಯ್ತು, ನೋಡು" ಎಂದ.

ಪರವಾಗಿಲ್ಲ ಬಿಡಿ ಎಂದು ಬಸವರಾಜ ಹೇಳುತ್ತಾನೆಂದುಕೊಂಡಿದ್ದೆ. ಅವನು ಹಾಗೆನ್ನಲಿಲ್ಲ. ಕಿಸೆಯಿಂದ ಮೊಬೈಲು ತೆಗೆದು, ವಾಚಿನ ಪಕ್ಕಕ್ಕೆ ಹಿಡಿದು, ಅದನ್ನೊಮ್ಮೆ ಇದನ್ನೊಮ್ಮೆ ನಿಧಾನವಾಗಿ ನೋಡಿದ. ಅಣ್ಣ ಕೈ ಇಳಿಸದೆ ಕಾದು ನಿಂತಿದ್ದ.

"ಬರೋಬ್ಬರಿ ಐತ್ರಿ, ಸದಣ್ಣ" ಎಂದ ಬಸವರಾಜ, ಮತ್ತು ಬಸ್ಸು ಹೊರಡಿಸಿದ.