ಜಯಮ್ಮ ಪಾವಗಡದ ಬಸ್ಸು ಹತ್ತಿದ ದಿನ

ಕೊರಟಗೆರೆಯಿಂದ ಬೆಳಿಗ್ಗೆ ಹೊರಟಾಗ ಮೋಡ ಕವಿದಿತ್ತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಆಧಾರ್ ತೋರಿಸಿ ಕುಳಿತೆವು. ಪಕ್ಕದಲ್ಲಿದ್ದ ಜಯಮ್ಮ ಹೂ ಕಟ್ಟಿ ಮಾರುವವರು, ನಾನು ಅವರ ಆಪ್ತಸಮಾಲೋಚಕಿ. ಅವರು ಒಪ್ಪಿದ ಮೇಲೆಯೇ, ಹೆಸರು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಹಿಂದೊಮ್ಮೆ ಮಿಡಿಗೇಶಿಯ ಆಚೆ ಆಟೋ ಉರುಳಿ ಅವರ ಅಕ್ಕ ತೀರಿಕೊಂಡರು. ಜೊತೆಗಿದ್ದ ಜಯಮ್ಮನಿಗೆ ಗಾಯವಾಗಲಿಲ್ಲ. ಆದರೆ ಅಂದಿನಿಂದ ಬಲಗೈ ಆಗಾಗ ಮರಗಟ್ಟುತ್ತದೆ. ಪರೀಕ್ಷೆಗಳಲ್ಲಿ ಏನೂ ಸಿಗದೆ ವೈದ್ಯರು ನನ್ನ ಬಳಿ ಕಳಿಸಿದ್ದರು.

ನಮ್ಮ ಚಿಕಿತ್ಸೆಯಲ್ಲಿ ಮನಸ್ಸನ್ನು ಒಂದೇ ಎಂದು ನೋಡುವುದಿಲ್ಲ. ಅದರಲ್ಲಿ ನೊಂದ ಭಾಗವೊಂದಿರುತ್ತದೆ, ಆ ನೋವನ್ನು ಯಾರೂ ಮುಟ್ಟದಂತೆ ಕಾಯುವ ಭಾಗ ಇನ್ನೊಂದು. ಕಾಯುವ ಭಾಗವನ್ನು ಓಡಿಸದೆ, ನಿನಗೆ ಯಾವುದರ ಭಯ ಎಂದು ಕೇಳುತ್ತೇವೆ. ಜಯಮ್ಮ ಅದನ್ನು 'ಕಾಯೋಳು' ಎನ್ನುತ್ತಿದ್ದರು. ಅಕ್ಕನ ಮಗಳು ಸುಧಾ ಪಾವಗಡದಲ್ಲಿ ಹೆತ್ತು ತಿಂಗಳುಗಳೇ ಕಳೆದರೂ ಕಾಯೋಳು ಜಯಮ್ಮನನ್ನು ಅಲ್ಲಿಗೆ ಹೋಗಗೊಟ್ಟಿರಲಿಲ್ಲ. ಅದಕ್ಕೇ ಈ ಸಲ ನಾನೂ ಜೊತೆಗೆ ಹೊರಟಿದ್ದೆ.

ಮಧುಗಿರಿಯಲ್ಲಿ ಬಸ್ಸು ಬದಲಿಸಿದೆವು. ನಾನು ಇಡ್ಲಿ ತಿಂದೆ, ಜಯಮ್ಮ ಟೀ ಮಾತ್ರ ಕುಡಿದರು. ಮಿಡಿಗೇಶಿ ದಾಟುತ್ತಲೇ ಅವರ ಬೆರಳುಗಳು ಸೆಟೆದುಕೊಂಡವು.

"ಕಾಯೋಳು ಏನಂತಾಳೆ?" ಎಂದೆ.

ಅವರು ಕಣ್ಣು ಮುಚ್ಚಿದರು. "ನಮ್ಮವ್ವನ್ನ ಬುಟ್ಟು ನೀನೆಂಗೆ ಉಳ್ಕಂಡೆ ಅಂತ ಸುಧಾ ಕೇಳ್ತಾಳಂತೆ ಕಣಮ್ಮ. ಅದ್ಕೇ ಬ್ಯಾಡ ಅಂತಾಳೆ."

"ಇಳಿದುಬಿಡೋಣವಾ?"

ಬೇಡವೆಂದು ತಲೆಯಾಡಿಸಿದರು. ಆಮೇಲೆ ಬಲಗೈಯನ್ನು ಎಡಗೈಯಿಂದ ಸವರುತ್ತ, ಒಳಗಿನವಳಿಗೆ ಹೇಳಿದರು: "ಇಷ್ಟು ದಿನ ನನ್ನ ಕಾದಿದ್ದೀಯ. ಇವತ್ತೂ ಜೊತೇಲೇ ಇರು. ಅವ್ಳು ಕೇಳಿದ್ರೆ ನಾನೇ ಹೇಳ್ತೀನಿ."

ಆಟೋ ಉರುಳಿದ ತಿರುವು ದಾಟುವಾಗ ಗಟ್ಟಿಯಾಗಿ ಅತ್ತರು. ಮುಂದಿನ ಸೀಟಿನ ಹೆಂಗಸು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟಳು.

ಪಾವಗಡದಲ್ಲಿ ಬಿಸಿಲು ಸುಡುತ್ತಿತ್ತು. ಸುಧಾ ಮಗುವನ್ನು ಅತ್ತೆಯ ಕೈಗಿತ್ತು ಬಾಗಿಲಿಗೆ ಬಂದಳು. ನಾವು ಕೂರುವ ಮೊದಲೇ ಕೇಳಿದಳು: "ಚಿಕ್ಕಮ್ಮ, ಅವ್ವ ಕೊನೇಲಿ ಏನಂದ್ಲು?"

"ಏನೂ ಅನ್ಲಿಲ್ಲ ಮಗಾ. ನನ್ನ ಈ ಬಲಗೈ ಹಿಡ್ಕಂಡಿದ್ಲು. ಉಸುರು ನಿಂತ ಮೇಲೂ ನಾನು ಬುಡ್ಲಿಲ್ಲ."

ಸುಧಾ ಅಲ್ಲೇ ಕುಳಿತಳು. "ಅವ್ವ ಒಬ್ಳೇ ಸತ್ಲು ಅನ್ಕಂಡಿದ್ದೆ," ಎಂದಳು. ಜಯಮ್ಮ ಪಕ್ಕದಲ್ಲೇ ಕುಳಿತು ಅವಳನ್ನು ಮಡಿಲಿಗೆ ಎಳೆದುಕೊಂಡರು. ನಾನು ಹೊರಗೆ ಬಂದೆ.

ಸಂಜೆ ಜಯಮ್ಮ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡಲು ಬಂದಾಗಲೂ ಅವರ ಬೆರಳ ತುದಿಗಳಲ್ಲಿ ಜೋಮು ಉಳಿದಿತ್ತು.

"ನೀವು ಹೋಗ್ಬುಡಿ. ನಾನು ಇದ್ದು ಬತ್ತೀನಿ," ಎಂದರು. "ನಮ್ಮಕ್ಕ ಸಣ್ಣೋಳಾಗಿದ್ದಾಗ ಹೆಂಗಿದ್ಲು ಅಂತ ಸುಧಾ ಕೇಳ್ತಾವ್ಳೆ."

ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಜಯಮ್ಮ ಆಗಲೇ ಸುಧಾಳ ಬೀದಿಯ ಕಡೆ ಬಿರಬಿರನೆ ನಡೆಯುತ್ತಿದ್ದರು.